ನಾಚಿಕೆಗೆ ಬಲಿಯಾಗದಿರಲಿ ಹಸುಗೂಸು

ಸಂತ ಪೌಲರು ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ ಧರ್ಮಸಭೆಯನ್ನು ಮಾನವ ದೇಹಕ್ಕೆ ಹೋಲಿಸುತ್ತಾರೆ. ಕಣ್ಣು, ಕೈ, ಕಾಲುಗಳ ಆ ದೃಷ್ಟಾಂತವನ್ನು ನಾವೆಲ್ಲ ಪ್ರಬೋಧನೆಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇವೆ. ಅದೇ ಅಧ್ಯಾಯದಲ್ಲಿ ಅವರು ಆಡುವ ಇನ್ನೊಂದು ಮಾತು ಅಷ್ಟಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಮಾನ ಕಡಿಮೆಯೆಂದು ನಾವು ಎಣಿಸುವ ಅಂಗಗಳಿಗೇ ಹೆಚ್ಚಿನ ಮಾನ ಸಲ್ಲಬೇಕೆಂದೂ, ದೇವರು ದೇಹವನ್ನು ಹಾಗೆಯೇ ಹೊಂದಿಸಿದ್ದಾರೆಂದೂ ಅವರು ಬೋಧಿಸುತ್ತಾರೆ. ಈ ವಾರ ನಾವು ಎತ್ತಿಕೊಂಡಿರುವ ವಿಷಯ ಅಂಥ ಒಂದು ಅಂಗಕ್ಕೆ ಸಂಬಂಧಿಸಿದ್ದು. ಸಭ್ಯರ ನಡುವೆ ಅದರ ಹೆಸರೆತ್ತಬಾರದೆಂಬ ರೂಢಿಯಿಂದ ಹಸುಗೂಸುಗಳ ಪ್ರಾಣಕ್ಕೇ ಅಪಾಯ ಬರುವುದರಿಂದ, ಸಂಕೋಚವನ್ನು ಬದಿಗಿಟ್ಟು ಬರೆಯುತ್ತಿದ್ದೇವೆ.

ಕೆಲವು ಮಕ್ಕಳು ಹುಟ್ಟುವಾಗ ಗುದದ್ವಾರವಿಲ್ಲದೆ ಹುಟ್ಟುತ್ತವೆ. ಇನ್ನು ಕೆಲವು ಮಕ್ಕಳಲ್ಲಿ ಅದು ಇರಬೇಕಾದ ಸ್ಥಳದಲ್ಲಿರದೆ ಬೇರೆಡೆ ಸಣ್ಣ ರಂಧ್ರವಾಗಿರುತ್ತದೆ. ಗಂಡುಮಕ್ಕಳಲ್ಲಿ ಮಲಾಶಯವು ಒಳಗೇ ಮೂತ್ರನಾಳಕ್ಕೆ ಕೂಡಿಕೊಂಡಿರುವುದು ಸಾಮಾನ್ಯ. ಹೆಣ್ಣುಮಕ್ಕಳಲ್ಲಿ ಜನನಾಂಗದ ಹೊರಬಾಗಿಲ ಬಳಿ ತೆರೆದಿರುವುದು ಸಾಮಾನ್ಯ. ವೈದ್ಯಶಾಸ್ತ್ರ ಇವೆಲ್ಲವನ್ನೂ ಗುದ ಮತ್ತು ಮಲಾಶಯದ ಜನ್ಮದೋಷಗಳೆಂಬ ಒಂದೇ ಗುಂಪಿಗೆ ಸೇರಿಸುತ್ತದೆ. ಸುಮಾರು 5,000 ಜನನಗಳಿಗೆ ಒಂದು ಮಗುವಿನಲ್ಲಿ ಇದು ಕಂಡುಬರುತ್ತದೆ.

ಐದು ಸಾವಿರಕ್ಕೆ ಒಂದು ಎಂದಾಗ, ಅದು ನಮ್ಮ ಊರಿನ ಮಾತಲ್ಲವೆಂದು ತೋರಬಹುದು. ಲೆಕ್ಕ ಹಾಕಿ ನೋಡೋಣ. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11 ಲಕ್ಷ 74 ಸಾವಿರ. ಸಾವಿರ ಜನರಿಗೆ ವರ್ಷಕ್ಕೆ ಇಪ್ಪತ್ತೇ ಜನನಗಳೆಂದು ಇಟ್ಟುಕೊಂಡರೂ 23 ಸಾವಿರಕ್ಕೂ ಮಿಕ್ಕಿ ಹೆರಿಗೆಗಳಾಗುತ್ತವೆ. ಅಂದರೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ವರ್ಷಕ್ಕೆ ನಾಲ್ಕೈದು ಮಕ್ಕಳು ಈ ದೋಷದೊಡನೆ ಹುಟ್ಟುತ್ತಿರಬೇಕು. ಹತ್ತು ವರ್ಷಗಳಲ್ಲಿ ನಲವತ್ತು ಐವತ್ತು ಮಕ್ಕಳು. ಒಂದು ಶಾಲೆಯ ತರಗತಿ ತುಂಬುವಷ್ಟು ಈ ಮಕ್ಕಳು ಎಲ್ಲಿದ್ದಾರೆ? ಎಷ್ಟು ಮಂದಿ ಚಿಕಿತ್ಸೆ ಪಡೆದು ನಮ್ಮ ನಡುವೆ ಓಡಾಡುತ್ತಿದ್ದಾರೆ? ಎಷ್ಟು ಮಂದಿ ಹೆಸರಿಡುವ ಮೊದಲೇ ಮಣ್ಣು ಸೇರಿದರು? ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋದ ಕುರುಬನ ಸಾಮತಿಯನ್ನು ನಂಬುವವರು ಈ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು.

ಪಾಪ ಯಾರದು?

ಇಂಥ ಮಗು ಹುಟ್ಟಿದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಚಿಕಿತ್ಸೆಯದಲ್ಲ, ತಪ್ಪಿನದು. ಗರ್ಭಿಣಿ ಗ್ರಹಣದ ದಿನ ಹೊರಗೆ ಬಂದಳೇ, ಚಾಕು ಹಿಡಿದಳೇ, ಯಾವ ಶಾಪ ತಟ್ಟಿತು, ಯಾರ ಕಣ್ಣು ಬಿತ್ತು ಎಂದು ಹಿರಿಯರು ವಿಚಾರಣೆಗೆ ತೊಡಗುತ್ತಾರೆ. ಬಾಣಂತಿಯು ಹಸಿ ಮೈಯಲ್ಲೇ ಅಪರಾಧಿಯ ಸ್ಥಾನದಲ್ಲಿ ನಿಲ್ಲುತ್ತಾಳೆ. ಕ್ರೈಸ್ತ ಮನೆಗಳು ಇದಕ್ಕೆ ಹೊರತೆಂದು ಎದೆ ತಟ್ಟಿ ಹೇಳುವ ಧೈರ್ಯ ನಮಗಿಲ್ಲ. ಶಾಪದ ಬದಲು ದೇವರ ಶಿಕ್ಷೆ ಎಂಬ ಪದ ಅಲ್ಲಿ ಬಂದೀತು, ಅಷ್ಟೇ.

ಗರ್ಭಸ್ಥ ಶಿಶುವಿನಲ್ಲಿ ಮೂತ್ರದ ದಾರಿ ಮತ್ತು ಮಲದ ದಾರಿ ಆರಂಭದಲ್ಲಿ ಒಂದೇ ಕೋಶವಾಗಿರುತ್ತವೆ. ಗರ್ಭದ ನಾಲ್ಕನೆಯ ವಾರದಿಂದ ಎಂಟನೆಯ ವಾರದೊಳಗೆ ನಡುವೆ ಒಂದು ಪೊರೆ ಬೆಳೆದು ಅವೆರಡನ್ನೂ ಬೇರ್ಪಡಿಸುತ್ತದೆ. ಈ ಬೇರ್ಪಡೆ ಪೂರ್ಣವಾಗದಿದ್ದಾಗ ದೋಷ ಉಳಿಯುತ್ತದೆ. ಆ ವೇಳೆಗೆ ಅನೇಕ ತಾಯಂದಿರಿಗೆ ತಾವು ಗರ್ಭಿಣಿಯೆಂಬುದೇ ಖಚಿತವಾಗಿರುವುದಿಲ್ಲ. ಏಳನೆಯ ತಿಂಗಳಲ್ಲಿ ಬಂದ ಗ್ರಹಣವು ಎರಡನೆಯ ತಿಂಗಳಲ್ಲೇ ಮುಗಿದುಹೋದ ಕೆಲಸವನ್ನು ಕೆಡಿಸುವುದು ಹೇಗೆ? ಬಹುಪಾಲು ಪ್ರಸಂಗಗಳಲ್ಲಿ ಇಂಥದೇ ಎಂದು ಬೆರಳು ಮಾಡಿ ತೋರಿಸಬಹುದಾದ ಒಂದು ಕಾರಣ ಸಿಗುವುದಿಲ್ಲ. ಮುಂದಿನ ಮಗುವಿಗೂ ಹೀಗೆಯೇ ಆಗುವ ಸಂಭವವೂ ತೀರ ಕಡಿಮೆ.

ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ, ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಯಾರದೆಂದು ಕೇಳುತ್ತಾರೆ: ಇವನದೋ, ಇವನ ಹೆತ್ತವರದೋ? ಎರಡೂ ಅಲ್ಲವೆಂದು ಪ್ರಭು ಸ್ಪಷ್ಟವಾಗಿ ಹೇಳಿ, ಮರುಕ್ಷಣವೇ ಮಣ್ಣು ಕಲಸಿ ಚಿಕಿತ್ಸೆಗೆ ತೊಡಗುತ್ತಾರೆ. ಈ ಕ್ರಮ ಮನನೀಯ. ತತ್ತ್ವಶಾಸ್ತ್ರದಲ್ಲಿ ಸಂತ ತೋಮಾಸ್ ಅಕ್ವಿನಾಸರು ಕೇಡನ್ನು ವಿವರಿಸುವಾಗ, ಇರತಕ್ಕ ಒಳಿತು ಇಲ್ಲದಿರುವುದೇ ಕೇಡು ಎನ್ನುತ್ತಾರೆ. ಕಲ್ಲಿಗೆ ದೃಷ್ಟಿಯಿಲ್ಲದಿರುವುದು ಕೇಡಲ್ಲ, ಮನುಷ್ಯನಿಗೆ ಇಲ್ಲದಿರುವುದು ಕೇಡು. ಮಗುವಿನ ದೇಹದಲ್ಲಿ ಇರತಕ್ಕ ದ್ವಾರವೊಂದು ಇಲ್ಲ. ಇದು ದೇಹಕ್ಕೆ ಸಂಬಂಧಿಸಿದ ಕೊರತೆ. ಯಾರ ಮನಸ್ಸಾಕ್ಷಿಯ ಕಲೆಯೂ ಅಲ್ಲ. ಕೊರತೆಗೆ ತಕ್ಕ ಉತ್ತರ ಅದನ್ನು ತುಂಬಿಕೊಡುವುದು.

ಮೊದಲ ದಿನದ ಪರೀಕ್ಷೆ

ಆರೋಗ್ಯವಂತ ಶಿಶು ಸಾಮಾನ್ಯವಾಗಿ ಹುಟ್ಟಿದ 24 ಗಂಟೆಗಳೊಳಗೆ ಕಪ್ಪನೆಯ ಮೊದಲ ಮಲವನ್ನು ವಿಸರ್ಜಿಸುತ್ತದೆ. ಅದು ಆಗದೆ ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಮೂತ್ರದಲ್ಲಿ ಮಲದ ಬಣ್ಣ ಕಂಡರೆ ತಡಮಾಡಬಾರದು. ದಾರಿ ಮುಚ್ಚಿದ ಕರುಳು ಹಿಗ್ಗಿ ಒಡೆದರೆ ನಂಜೇರಿ ಕೆಲವೇ ದಿನಗಳಲ್ಲಿ ಮಗು ತೀರಿಕೊಳ್ಳಬಹುದು. ಇದನ್ನು ಗುರುತಿಸಲು ಯಂತ್ರ ಬೇಡ, ದುಬಾರಿ ಪರೀಕ್ಷೆಯೂ ಬೇಡ. ಹೆರಿಗೆಯಾದ ಕೂಡಲೇ ಕೂಸಿನ ಕಾಲೆತ್ತಿ ನೋಡುವ ಒಂದು ಜೋಡಿ ಕಣ್ಣು ಸಾಕು. ಹೆರಿಗೆ ಕೊಠಡಿಯ ದಾದಿ, ಸೂಲಗಿತ್ತಿ, ಅಜ್ಜಿ, ಯಾರಾದರೂ ಸರಿ. ನೋಡಿ, ಸ್ವಸ್ಥಾನದಲ್ಲಿ ದ್ವಾರವಿದೆ ಎಂದು ಬಾಯಿಬಿಟ್ಟು ಹೇಳಬೇಕು.

ನಮ್ಮ ಕಡೆ ಮಲ ಹೋಗದ ಕೂಸಿಗೆ ಔಡಲೆಣ್ಣೆ ಹಾಕುವ, ಜೇನುತುಪ್ಪ ನೆಕ್ಕಿಸುವ ಪದ್ಧತಿ ಇನ್ನೂ ಉಳಿದಿದೆ. ದಾರಿಯೇ ಇಲ್ಲದ ಮಗುವಿಗೆ ಭೇದಿಯ ಔಷಧ ಕೊಡುವುದು ಬಾಗಿಲಿಲ್ಲದ ಕೋಣೆಯೊಳಗೆ ನೀರು ತುಂಬಿದಂತೆ. ಹೆಣ್ಣುಮಕ್ಕಳ ವಿಷಯ ಇನ್ನಷ್ಟು ಸೂಕ್ಷ್ಮ. ಅವರಲ್ಲಿ ಅನೇಕರಿಗೆ ತಪ್ಪು ಸ್ಥಳದ ರಂಧ್ರದಿಂದಲೇ ಮಲ ಹೊರಬರುವುದರಿಂದ ಪ್ರಾಣಕ್ಕೆ ತಕ್ಷಣದ ಅಪಾಯ ಕಾಣುವುದಿಲ್ಲ. ತಾಯಿಗೆ ಮಾತ್ರ ಗೊತ್ತಿರುತ್ತದೆ. ಹೊರಗೆ ಹೇಳಿದರೆ ಮುಂದೆ ಮದುವೆಗೆ ತೊಡಕಾದೀತೆಂದು ಅವಳು ಬಾಯಿ ಬಿಡುವುದಿಲ್ಲ. ಹುಡುಗಿ ಮಲಬದ್ಧತೆಯಿಂದ, ಸೋಂಕಿನಿಂದ, ವಾಸನೆಯ ಅಂಜಿಕೆಯಿಂದ ಶಾಲೆ ಬಿಟ್ಟು ಮೂಲೆ ಸೇರುತ್ತಾಳೆ. ಶೈಶವದಲ್ಲೇ ಸರಿಪಡಿಸಬಹುದಾಗಿದ್ದ ದೋಷ ಯೌವನದವರೆಗೆ ಗುಟ್ಟಾಗಿ ಬೆಳೆಯುತ್ತದೆ.

ಸರ್ಕಾರದ ವ್ಯವಸ್ಥೆಯಲ್ಲಿಯೂ ಒಂದು ಸಂದು ಇದೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾದಾಗ ಒಂಬತ್ತು ಜನ್ಮದೋಷಗಳನ್ನು ಪಟ್ಟಿ ಮಾಡಲಾಯಿತು. ಸೀಳುತುಟಿ, ವಕ್ರಪಾದ, ಹೃದಯದ ದೋಷ, ಹುಟ್ಟುಕಿವುಡು ಮೊದಲಾದವು ಅದರಲ್ಲಿವೆ. ಗುದದ್ವಾರದ ದೋಷ ಆ ಒಂಬತ್ತರಲ್ಲಿ ಸೇರಲಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡುವ ಮೊದಲ ಭೇಟಿ ಮೂರನೆಯ ದಿನ. ಈ ದೋಷಕ್ಕೆ ಮೂರನೆಯ ದಿನವೆಂದರೆ ತಡ. ಆದ್ದರಿಂದ ಮನೆಗೆ ಕಳುಹಿಸುವ ಮುನ್ನ ಪ್ರತಿಯೊಂದು ಹೆರಿಗೆ ಕೇಂದ್ರವೂ ಕೂಸಿನ ಚೀಟಿಯಲ್ಲಿ ಗುದದ್ವಾರ ಇದೆ, ಮಲ ಹೋಗಿದೆ ಎಂಬ ಎರಡು ಸಾಲು ಬರೆಯುವುದನ್ನು ಕಡ್ಡಾಯ ಮಾಡಬೇಕೆಂಬುದು ನಮ್ಮ ಮೊದಲ ಒತ್ತಾಯ. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಮೂರು ಹಂತದ ದಾರಿ

ಈ ದೋಷದ ಚಿಕಿತ್ಸೆಗೆ ದೀರ್ಘ ಚರಿತ್ರೆಯಿದೆ. 1710ರಲ್ಲಿ ಫ್ರಾನ್ಸಿನ ವೈದ್ಯ ಲಿತ್ರ್, ಇದರಿಂದಲೇ ತೀರಿಕೊಂಡ ಆರು ದಿನಗಳ ಶಿಶುವಿನ ದೇಹವನ್ನು ಪರೀಕ್ಷಿಸಿ, ಕರುಳನ್ನು ಹೊಟ್ಟೆಯ ಮೇಲೆ ತೆರೆದು ಮಲಕ್ಕೆ ದಾರಿ ಮಾಡಬಹುದಲ್ಲವೇ ಎಂದು ಸೂಚಿಸಿದನು. 1793ರಲ್ಲಿ ಬ್ರೆಸ್ಟ್ ಪಟ್ಟಣದ ದ್ಯೂರೆ ಎಂಬ ಶಸ್ತ್ರವೈದ್ಯ ಅದನ್ನು ಮಾಡಿಯೇ ತೋರಿಸಿದನು. ಆ ಕೂಸು ಬೆಳೆದು 45 ವರ್ಷ ಬಾಳಿತು. 1835ರಲ್ಲಿ ಪ್ಯಾರಿಸಿನ ಅಮ್ಯುಸಾ ಕರುಳಿನ ತುದಿಯನ್ನು ಕೆಳಗೆ ತಂದು ಚರ್ಮಕ್ಕೆ ಹೊಲಿದನು. 1980ರಲ್ಲಿ ಮೆಕ್ಸಿಕೊದ ಆಲ್ಬರ್ತೊ ಪೆನ್ಯ ಅವರು ಹಿಂದುಗಡೆಯಿಂದ ಸರಿಯಾಗಿ ನಡುಗೆರೆಯಲ್ಲಿ ತೆರೆದು, ವಿದ್ಯುತ್ ಸ್ಪರ್ಶದಿಂದ ಸ್ನಾಯುಗಳು ಎಲ್ಲಿ ಸಂಕುಚಿಸುತ್ತವೆಂದು ಕಣ್ಣಾರೆ ಕಂಡು, ಆ ಸ್ನಾಯುಗಳ ನಡುವೆಯೇ ಮಲಾಶಯವನ್ನು ಕೂರಿಸುವ ವಿಧಾನವನ್ನು ರೂಪಿಸಿದರು. ಡಿ ವ್ರೀಸ್ ಅವರೊಡನೆ 1982ರಲ್ಲಿ ಅದನ್ನು ಪ್ರಕಟಿಸಿದರು. ಇಂದು ಜಗತ್ತಿನೆಲ್ಲೆಡೆ ನಡೆಯುವುದು ಬಹುಮಟ್ಟಿಗೆ ಇದೇ ಶಸ್ತ್ರಕ್ರಿಯೆ.

ದೋಷ ಚರ್ಮದ ಸಮೀಪದಲ್ಲಿದ್ದರೆ ಒಂದೇ ಶಸ್ತ್ರಕ್ರಿಯೆ ಸಾಕಾದೀತು. ಕರುಳು ಮೇಲೆಯೇ ನಿಂತಿದ್ದರೆ ಸಾಮಾನ್ಯವಾಗಿ ಮೂರು ಹಂತಗಳು. ಹುಟ್ಟಿದ ಒಂದೆರಡು ದಿನಗಳಲ್ಲಿ ಕೊಲಾಸ್ಟಮಿ, ಅಂದರೆ ಹೊಟ್ಟೆಯ ಮೇಲೆ ಮಲಕ್ಕೆ ತಾತ್ಕಾಲಿಕ ದಾರಿ. ಕೆಲವು ತಿಂಗಳ ನಂತರ ಹೊಸ ಗುದದ್ವಾರದ ರಚನೆ. ಅದು ಮಾಗಿದ ಮೇಲೆ ಹೊಟ್ಟೆಯ ದಾರಿಯನ್ನು ಮುಚ್ಚುವುದು. ಎರಡನೆಯ ಮತ್ತು ಮೂರನೆಯ ಹಂತಗಳ ನಡುವೆ ಹೊಸ ದ್ವಾರ ಕಿರಿದಾಗದಂತೆ ದಿನಕ್ಕೆರಡು ಬಾರಿ ನಯವಾದ ಲೋಹದ ಕಡ್ಡಿಯಿಂದ ಹಿಗ್ಗಿಸಬೇಕು. ವೈದ್ಯರು ಕಲಿಸಿಕೊಟ್ಟ ಮೇಲೆ ಮನೆಯಲ್ಲಿ ತಾಯಿಯೇ ಅದನ್ನು ಮಾಡಬೇಕು. ಇಂಥ ಮಕ್ಕಳಲ್ಲಿ ಕೆಲವರಿಗೆ ಬೆನ್ನುಮೂಳೆ, ಹೃದಯ, ಮೂತ್ರಪಿಂಡ, ಅನ್ನನಾಳಗಳಲ್ಲೂ ದೋಷವಿರುವುದರಿಂದ ಅವನ್ನೂ ಪರೀಕ್ಷಿಸುವುದು ಅಗತ್ಯ.

ನಮ್ಮ ಸೀಮೆಯ ಕುಟುಂಬಗಳು ಎಡವುವುದು ಮೊದಲ ಹಂತ ಮುಗಿದ ನಂತರ. ಪ್ರಾಣ ಉಳಿಯಿತು, ಮಲ ಹೊಟ್ಟೆಯ ಮೇಲಿಂದ ಹೋಗುತ್ತಿದೆ, ಮಗು ಹಾಲು ಕುಡಿಯುತ್ತಿದೆ; ಸುಗ್ಗಿಯಾದ ಮೇಲೆ ನೋಡೋಣ ಎಂಬ ಮಾತು ಬರುತ್ತದೆ. ಸುಗ್ಗಿಯ ನಂತರ ಬೆಂಗಳೂರಿಗೋ ಪುಣೆಗೋ ಮುಂಬಯಿಗೋ ಗುಳೆ ಹೋಗುತ್ತಾರೆ. ಆಸ್ಪತ್ರೆಯ ಚೀಟಿ ಗುಡಿಸಲಿನ ಸೂರಿನಲ್ಲಿ ಉಳಿಯುತ್ತದೆ. ಆರು ತಿಂಗಳಿಗೆ ಮುಗಿಯಬೇಕಾದದ್ದು ಆರು ವರ್ಷವಾಗುತ್ತದೆ. ಹೊಟ್ಟೆಗೆ ಬಟ್ಟೆ ಸುತ್ತಿಕೊಂಡ ಮಗುವನ್ನು ಅಂಗನವಾಡಿಯಲ್ಲಿ ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ.

ಯಾರ ಕರ್ತವ್ಯ?

ಇಲ್ಲಿ ನೀತಿಶಾಸ್ತ್ರದ ಒಂದು ಹಳೆಯ ವಿಚಾರವನ್ನು ಓದುಗರ ಮುಂದಿಡಬೇಕು. ಜೀವರಕ್ಷಣೆಗೆ ನಾವು ಯಾವ ಮಟ್ಟಿನವರೆಗೆ ಬದ್ಧರು ಎಂಬ ಪ್ರಶ್ನೆಯನ್ನು 16ನೆಯ ಶತಮಾನದಲ್ಲಿ ಸ್ಪೇನಿನ ದೊಮಿನಿಕನ್ ಗುರು ಫ್ರಾನ್ಸಿಸ್ಕೊ ದೆ ವಿತೋರಿಯ ಮೊದಲಾದವರು ಚರ್ಚಿಸಿದರು. ಸಾಧಾರಣ ಉಪಾಯಗಳನ್ನು ಬಳಸಲೇಬೇಕು. ಹೊರಲಾರದ ಹೊರೆಯಾಗುವ ಅಸಾಧಾರಣ ಉಪಾಯಗಳನ್ನು ಬಳಸುವ ಕಟ್ಟುಪಾಡಿಲ್ಲ. 1957ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ ವೈದ್ಯರನ್ನು ಉದ್ದೇಶಿಸಿ ಮಾತನಾಡುತ್ತ, ಯಾವುದು ಸಾಧಾರಣವೆಂಬುದು ವ್ಯಕ್ತಿ, ಸ್ಥಳ, ಕಾಲ, ಸಂಸ್ಕೃತಿಗಳನ್ನು ಅವಲಂಬಿಸಿದೆ ಎಂದು ವಿವರಿಸಿದರು.

ಗುದದ್ವಾರದ ಶಸ್ತ್ರಕ್ರಿಯೆ ಇಂದು ಬೆಂಗಳೂರಿನ ಉದ್ಯೋಗಸ್ಥ ಕುಟುಂಬಕ್ಕೆ ಸಾಧಾರಣ ಉಪಾಯವೇ ಸರಿ. ಸುರಪುರದ ಒಳಗಿನ ಹಳ್ಳಿಯ ಕೂಲಿಕಾರನಿಗೆ? ಯಾದಗಿರಿಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರಾತ್ರಿಯೆಲ್ಲ ರೈಲು, ಆಸ್ಪತ್ರೆಯ ಹೊರಗೆ ವಾರಗಟ್ಟಲೆ ಊಟ, ಕಳೆದುಹೋದ ಕೂಲಿ, ಮನೆಯಲ್ಲಿ ಬಿಟ್ಟುಬಂದ ಇತರ ಮಕ್ಕಳು. ಇದನ್ನು ಮೂರು ಬಾರಿ ಮಾಡಬೇಕು. ಅವನ ಪಾಲಿಗೆ ಅದು ಅಸಾಧಾರಣ ಹೊರೆಯೇ. ಹಾಗಾದರೆ ಅವನು ಕೈಚೆಲ್ಲಿದರೆ ತಪ್ಪಿಲ್ಲವೆಂದು ನಾವು ಶಾಸ್ತ್ರ ತೆಗೆದು ಸಮಾಧಾನ ಹೇಳಬಹುದೇ? ಖಂಡಿತ ಅಲ್ಲ. ಹೊರೆ ಒಬ್ಬನಿಗೆ ಭಾರವಾದಲ್ಲಿ ಕರ್ತವ್ಯ ಅಲ್ಲಿಗೇ ಅಳಿಯುವುದಿಲ್ಲ, ಸುತ್ತಲಿನವರ ಹೆಗಲಿಗೆ ವರ್ಗವಾಗುತ್ತದೆ. ಪಾರ್ಶ್ವವಾಯು ಪೀಡಿತನನ್ನು ನಾಲ್ವರು ಹೊತ್ತು ತಂದು, ಮನೆಯ ಮಾಡನ್ನು ತೆರೆದು ಯೇಸುಸ್ವಾಮಿಯ ಮುಂದಿಳಿಸಿದರೆಂದು ಸಂತ ಮಾರ್ಕರು ಬರೆಯುತ್ತಾರೆ. ಒಬ್ಬನಿಂದ ಆಗದ್ದು ನಾಲ್ವರಿಂದ ಆಯಿತು. ಬಡವನಿಗೆ ಅಸಾಧಾರಣವಾದದ್ದನ್ನು ಸಾಧಾರಣ ಮಾಡಿಕೊಡುವುದೇ ಕ್ರೈಸ್ತ ಸಮುದಾಯವೊಂದು ಊರಿನಲ್ಲಿರುವುದರ ಅರ್ಥ.

ದೋಷವುಳ್ಳ ಮಗು ಬದುಕಿ ಸುಖವೇನು ಎಂಬ ಇನ್ನೊಂದು ವಾದವಿದೆ. ಇದು ಅನಕ್ಷರಸ್ಥರ ವಾದವೆಂದು ಭಾವಿಸಬೇಡಿ. 1982ರ ಏಪ್ರಿಲ್‌ನಲ್ಲಿ ಅಮೆರಿಕದ ಇಂಡಿಯಾನ ರಾಜ್ಯದ ಬ್ಲೂಮಿಂಗ್‌ಟನ್‌ನಲ್ಲಿ ಡೌನ್ ಸಿಂಡ್ರೋಮ್ ಇದ್ದ ಒಂದು ಕೂಸು ಅನ್ನನಾಳ ಮುಚ್ಚಿದ ಸ್ಥಿತಿಯಲ್ಲಿ ಹುಟ್ಟಿತು. ಶಸ್ತ್ರಕ್ರಿಯೆಯಿಂದ ಅದನ್ನು ಸರಿಪಡಿಸುವುದು ಸಾಧ್ಯವಿತ್ತು. ಹೆತ್ತವರು ಬೇಡವೆಂದರು, ನ್ಯಾಯಾಲಯವೂ ಅವರ ನಿರ್ಧಾರವನ್ನು ಎತ್ತಿಹಿಡಿಯಿತು. ಆರು ದಿನಗಳಲ್ಲಿ ಕೂಸು ಸತ್ತಿತು. ಆ ಮರಣ ಎಬ್ಬಿಸಿದ ಕೋಲಾಹಲದಿಂದಾಗಿ 1984ರಲ್ಲಿ ಆ ದೇಶ ಕಾನೂನನ್ನೇ ತಿದ್ದಬೇಕಾಯಿತು. ಅಲ್ಲಿ ಕೊರತೆಯಿದ್ದದ್ದು ಹಣದ್ದಲ್ಲ, ವಿದ್ಯೆಯದಲ್ಲ. 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಜೀವದ ಶುಭಸಂದೇಶವನ್ನು ಕುರಿತ ತಮ್ಮ ವಿಶ್ವಪತ್ರದಲ್ಲಿ ಎಚ್ಚರಿಸಿದ್ದು ಇಂಥ ಮನೋಭಾವವನ್ನೇ. ಮನುಷ್ಯನ ಬೆಲೆಯನ್ನು ಅವನ ಅಂಗಗಳ ಸೊಗಸಿನಿಂದ ಅಳೆಯತೊಡಗಿದರೆ, ಮುಪ್ಪಿನಲ್ಲಿ ನಾವೆಲ್ಲರೂ ಬೆಲೆ ಕಳೆದುಕೊಳ್ಳುವವರೇ.

ಆದರೆ ಸತ್ಯವನ್ನು ಸಿಹಿಯಾಗಿಸಿ ಹೇಳುವುದೂ ಸರಿಯಲ್ಲ. ಶಸ್ತ್ರಕ್ರಿಯೆಯಾದ ಎಲ್ಲ ಮಕ್ಕಳೂ ಸಂಪೂರ್ಣವಾಗಿ ಸರಿಹೋಗುವುದಿಲ್ಲ. ಪೆನ್ಯ ಅವರು ತಮ್ಮ ರೋಗಿಗಳ ಕುರಿತು ಬರೆದಂತೆ, ಸುಮಾರು ಶೇಕಡ 75 ಮಂದಿಗೆ ಇಚ್ಛಾಪೂರ್ವಕ ಮಲವಿಸರ್ಜನೆ ಸಾಧ್ಯವಾಯಿತು. ಅವರಲ್ಲೂ ಅರ್ಧದಷ್ಟು ಮಂದಿಗೆ ಆಗಾಗ ಬಟ್ಟೆ ಕೆಡುತ್ತಿತ್ತು. ಉಳಿದ ಶೇಕಡ 25 ಮಂದಿಗೆ ಹಿಡಿತವಿರಲಿಲ್ಲ. ಅಂಥವರಿಗೂ ದಿನಕ್ಕೊಮ್ಮೆ ಎನಿಮಾ, ಆಹಾರದ ನಿಯಮ, ಅಗತ್ಯವಾದರೆ ಔಷಧ ಇವುಗಳ ಕ್ರಮಬದ್ಧ ಪಾಲನೆಯಿಂದ ದಿನವಿಡೀ ಸ್ವಚ್ಛವಾಗಿ ಶಾಲೆಯಲ್ಲಿ ಕೂರುವುದು ಸಾಧ್ಯ. ಇದು ವರ್ಷಗಟ್ಟಲೆ ತಾಳ್ಮೆ ಬೇಡುವ ಕೆಲಸ. ಹೆತ್ತವರಿಗೆ ಇದನ್ನು ಮೊದಲೇ ತಿಳಿಸಬೇಕು. ಇಲ್ಲವಾದರೆ ಮೂರನೆಯ ಶಸ್ತ್ರಕ್ರಿಯೆಯ ಮೇಲೂ ಬಟ್ಟೆ ಕೆಟ್ಟಾಗ, ಮೋಸಹೋದೆವೆಂದು ಅವರು ವೈದ್ಯರನ್ನೂ ದೇವರನ್ನೂ ದೂರುತ್ತಾರೆ.

ಮಾಡಬಹುದಾದದ್ದು

ದೀಕ್ಷಾಸ್ನಾನದ ವಿಷಯದಲ್ಲಿ ಒಂದು ಮಾತು. ಸಾವಿನ ಅಪಾಯದಲ್ಲಿರುವ ಶಿಶುವಿಗೆ ತಡವಿಲ್ಲದೆ ದೀಕ್ಷಾಸ್ನಾನ ಕೊಡಬೇಕೆಂದು ಧರ್ಮಸಭೆಯ ಕಾನೂನು ವಿಧಿಸುತ್ತದೆ. ಗುರುಗಳು ಸಿಗದಿದ್ದರೆ ಸದುದ್ದೇಶವುಳ್ಳ ಯಾರಾದರೂ ಕೊಡಬಹುದು. ಆದರೆ ಇದನ್ನು ಮಗುವನ್ನು ಬೀಳ್ಕೊಡುವ ಸಂಸ್ಕಾರವೆಂದು ಭಾವಿಸಿ ಆಸ್ಪತ್ರೆಯ ದಾರಿ ಬಿಡುವವರುಂಟು. ದೀಕ್ಷಾಸ್ನಾನ ಮಗುವನ್ನು ನಮ್ಮ ಮನೆಯವರನ್ನಾಗಿ ಮಾಡುತ್ತದೆ. ಮನೆಯ ಮಗುವನ್ನು ಉಳಿಸಿಕೊಳ್ಳಲು ಅಂದೇ ಹೊರಡಬೇಕು. ನೀರು ಹನಿಸಿದ ಕೈಯೇ 108ಕ್ಕೆ ಕರೆ ಮಾಡಲಿ.

ಹೋಗಬಹುದಾದ ಸ್ಥಳಗಳಿವೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1963ರಲ್ಲಿ ಸ್ಥಾಪಿಸಿದ ಸಂತ ಯೊವಾನ್ನರ ವೈದ್ಯಕೀಯ ಕಾಲೇಜಿದೆ. ಹೈದರಾಬಾದಿನಲ್ಲಿ ನೀಲೋಫರ್ ಆಸ್ಪತ್ರೆಯಿದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಗೆ ಬಂದದ್ದು ನಮ್ಮ ಕಲಬುರಗಿ ವಿಭಾಗದಲ್ಲಿಯೇ. ನವಜಾತ ಶಿಶುಗಳ ಶಸ್ತ್ರಕ್ರಿಯೆ ಅದರಲ್ಲಿ ಸೇರಿತ್ತು. 2018ರಿಂದ ಅದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯೊಳಗೆ ವಿಲೀನವಾಗಿದೆ. ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ಅದರಲ್ಲಿ ದೊರೆಯುತ್ತದೆ. ಆದರೆ ಪ್ರಯಾಣ, ಊಟ, ಕಳೆದ ಕೂಲಿ ಇವು ಯಾವ ಕಾರ್ಡಿನಲ್ಲೂ ಇಲ್ಲ. ಧರ್ಮಕೇಂದ್ರಗಳು ಕೈ ನೀಡಬೇಕಾದದ್ದು ಇಲ್ಲಿ.

2005ರಲ್ಲಿ ನಮ್ಮ ಗುಲ್ಬರ್ಗ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಈ ಸೀಮೆಯಲ್ಲಿ ಕಥೋಲಿಕರ ಸಂಖ್ಯೆ ಚಿಕ್ಕದು, ಕಾಣಿಕೆ ಡಬ್ಬಿಯೂ ಚಿಕ್ಕದು. ಆದರೂ ತಪಸ್ಸುಕಾಲದಲ್ಲಿ ಪ್ರತಿ ಮನೆಯೂ ಒಂದು ಹೊತ್ತಿನ ಊಟದ ಬೆಲೆಯನ್ನು ಇದಕ್ಕೆಂದು ತೆಗೆದಿಟ್ಟರೆ, ವರ್ಷಕ್ಕೆ ಒಂದು ಮಗುವನ್ನು ಮೂರು ಹಂತವೂ ಮುಗಿಯುವವರೆಗೆ ಕರೆದೊಯ್ಯಬಹುದು. ಹನಿಗೂಡಿದರೆ ಹಳ್ಳ. ಆ ಮಗು ಯಾವ ಜಾತಿ, ಯಾವ ಧರ್ಮದ್ದೆಂದು ಕೇಳುವುದು ಬೇಡ, ಸಮಾರಿತನು ಕೇಳಲಿಲ್ಲ. ಹಳ್ಳಿಗಳಲ್ಲಿ ಸೇವೆ ಸಲ್ಲಿಸುವ ನಮ್ಮ ಧರ್ಮಭಗಿನಿಯರು ಬಾಣಂತಿಯರ ಮನೆಗೆ ಹೋದಾಗ ಕೂಸನ್ನು ಪೂರ್ತಿಯಾಗಿ ನೋಡಲಿ. ಕೊಲಾಸ್ಟಮಿಯಾದ ಮಕ್ಕಳ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ದಿನಾಂಕ ಬಂದಾಗ ಗುಳೆ ಹೋದ ಕುಟುಂಬವನ್ನು ಫೋನಿನಲ್ಲಿ ಹುಡುಕಿ ಕರೆಸಲಿ. ನಗರಗಳಲ್ಲಿ ನೆಲಸಿರುವ ನಮ್ಮವರು ಆಸ್ಪತ್ರೆಯ ಬಳಿ ಆ ತಾಯಿಗೆ ಒಂದು ಕೋಣೆ, ಒಂದು ಬುತ್ತಿ ಒದಗಿಸಲಿ.

ಸರ್ಕಾರಕ್ಕೆ ನಮ್ಮ ಬಿನ್ನಹ ಇಷ್ಟೇ. 371(ಜೆ) ವಿಧಿಯ ಫಲವಾಗಿ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಅನುದಾನ ಬರುತ್ತಿದೆ. ಯಾದಗಿರಿಗೆ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ವಾರಕ್ಕೊಂದು ದಿನವಾದರೂ ಮಕ್ಕಳ ಶಸ್ತ್ರವೈದ್ಯರೊಬ್ಬರು ಜಿಲ್ಲಾಕೇಂದ್ರಕ್ಕೆ ಬಂದು ಶಸ್ತ್ರಕ್ರಿಯೆಯಾದ ಮಕ್ಕಳನ್ನು ನೋಡುವ ಏರ್ಪಾಡಾದರೆ, ತಪಾಸಣೆಗೆಂದೇ ಬೆಂಗಳೂರಿಗೆ ಅಲೆಯುವುದು ತಪ್ಪುತ್ತದೆ.

ಹೆತ್ತವರಿಗೆ ಕೊನೆಯದಾಗಿ ಹೇಳಬೇಕಾದದ್ದು: ನಿಮ್ಮ ಕೂಸಿನಲ್ಲಿ ಇಂಥ ದೋಷ ಕಂಡರೆ ನಾಚಬೇಡಿ, ಬಚ್ಚಿಡಬೇಡಿ. ಗುರುಗಳ ಮನೆಯ ಬಾಗಿಲನ್ನು ಯಾವ ಹೊತ್ತಿನಲ್ಲಾದರೂ ತಟ್ಟಿ. ನೆರೆಯವರೇ, ಆ ಮನೆಯಲ್ಲಿ ಪಾಪದ ವಿಚಾರಣೆ ಮಾಡಬೇಡಿ. ಬಸ್ಸಿಗೆ ಹೊತ್ತಾಯಿತೆಂದು ನೆನಪಿಸಿ, ಉಳಿದ ಮಕ್ಕಳನ್ನು ನಿಮ್ಮ ಮನೆಯಲ್ಲಿ ಮಲಗಿಸಿಕೊಳ್ಳಿ. ಮುಂದಿನ ಭಾನುವಾರ ಬಲಿಪೂಜೆಯ ನಂತರ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಈ ವಿಷಯ ಹತ್ತು ನಿಮಿಷ ಚರ್ಚೆಯಾಗಲಿ ಎಂದು ಕೋರುತ್ತೇವೆ.